ನಕ್ಷೆಯಂತೆ ಬಳಿದ ಬಾಣ

ನಗರ ಸಂಚಾರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳ ಒಂಬತ್ತನೇ ತಾರೀಖು ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ತಮ್ಮ ಕಾರು ತಮ್ಮದೇ ಕಚೇರಿಯ ಮುಂದಿನ ಸೈಕಲ್ ಪಥದಲ್ಲಿ ನಿಂತಿತ್ತು. ತಾವು ಕಿವಿಗೆ ಫೋನು ಹಚ್ಚಿಕೊಂಡೇ, ಹಿಂದೆ ಯಾರು ಬರುತ್ತಿದ್ದಾರೆಂದು ನೋಡದೆ ರಸ್ತೆಯ ಕಡೆಯ ಬಾಗಿಲು ತೆರೆದಿರಿ. ಆ ಬಾಗಿಲಿಗೆ ಬಡಿದು ಬಿದ್ದವಳು ನನ್ನ ಅಕ್ಕ. ಕೊರಳ ಕೆಳಗಿನ ಮೂಳೆ ಮುರಿದಿದೆ, ಬಲಗೈ ಮಣಿಕಟ್ಟು ಎರಡು ಕಡೆ ಬಿರುಕು ಬಿಟ್ಟಿದೆ. ತಮ್ಮ ಕಚೇರಿ ಬರೆದ ವರದಿಯ ಕೊನೆಯ ಸಾಲು ಹೀಗಿದೆ: ‘ಸವಾರಳು ಪಥದ ಮೇಲಿನ ಬಾಣದ ಗುರುತಿಗೆ ವಿರುದ್ಧವಾಗಿ ಚಲಿಸುತ್ತಿದ್ದ ಕಾರಣ ಅಪಘಾತಕ್ಕೆ ಆಕೆಯೇ ಸಂಪೂರ್ಣ ಹೊಣೆ.’ ತಮ್ಮ ಬಾಗಿಲಿನ ವಿಷಯ ಆ ವರದಿಯಲ್ಲಿ ಎಲ್ಲಿಯೂ ಇಲ್ಲ. ಅಕ್ಕ ಗಾಳಿಗೆ ಬಡಿದು ಬಿದ್ದಳೆಂದು ನಾವು ತಿಳಿದುಕೊಳ್ಳಬೇಕೇನೋ!

ಇದೇ ವಿಷಯವನ್ನು ಲಕೋಟೆಯಲ್ಲಿಟ್ಟು ತಮ್ಮ ಕಚೇರಿಗೆ ಎರಡು ಸಲ ಕೊಟ್ಟಿದ್ದೇನೆ. ಎರಡು ಸಲವೂ ಕಿಟಕಿಯ ಹಿಂದಿನ ಗುಮಾಸ್ತರು ‘ಸಾಹೇಬ್ರು ನೋಡ್ತಾರೆ’ ಎಂದರು. ತಾವು ನೋಡಲಿಲ್ಲ. ಆದ್ದರಿಂದ ಮೂರನೆಯ ಸಲ ಊರೆಲ್ಲ ನೋಡಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ. ನಾನು ಯಾರು, ನನಗೇಕೆ ಇಷ್ಟು ಉರಿ ಎಂದು ಓದುವವರಿಗೆ ಅನ್ನಿಸಬಹುದು. ನಾನು ಆ ಬಾಣವನ್ನು ಬಳಿದವನು.

ಹೌದು ಸ್ವಾಮಿ. ಹದಿನಾರು ವರ್ಷಗಳಿಂದ ಈ ನಗರದ ರಸ್ತೆಗಳ ಮೇಲೆ ಗೆರೆ ಬಳಿಯುವುದೇ ನನ್ನ ಕಸುಬು. ಜನ ದಾಟುವ ಬಿಳಿ ಪಟ್ಟಿ, ಬಸ್ಸು ನಿಲ್ಲುವ ಹಳದಿ ಚೌಕ, ‘ನಿಧಾನ’ ಎಂಬ ಮೂರಕ್ಷರ (ಅದನ್ನು ಓದಿ ಯಾರೂ ನಿಧಾನವಾದದ್ದನ್ನು ಕಂಡಿಲ್ಲ), ಎಲ್ಲವೂ ನನ್ನ ಕೈಯವೇ. ಬಣ್ಣ, ಅಚ್ಚು ಮೇಸ್ತ್ರಿಯ ವ್ಯಾನಿನಲ್ಲಿ ಬರುತ್ತವೆ, ನಾನು ಸೈಕಲ್ಲಿನಲ್ಲಿ ಹೋಗುತ್ತೇನೆ. ಅಕ್ಕನೂ ಸೈಕಲ್ಲೇ. ಇಪ್ಪತ್ತೆರಡು ವರ್ಷಗಳಿಂದ ಅವಳು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ. ಹರಿದ ಹಾಸಿಗೆ ಬಟ್ಟೆ, ದಾರ ಬಿಟ್ಟ ಆಪರೇಷನ್ ಅಂಗಿ, ಕೂಸುಗಳನ್ನು ಸುತ್ತುವ ತುಂಡು ಅವಳ ಕೈ ದಾಟಿಯೇ ವಾರ್ಡಿಗೆ ಹೋಗುತ್ತವೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಹೊಲಿದು ಬೆಳೆಸಿದವಳೂ ಅವಳೇ. ನನ್ನ ಶಾಲೆಯ ಅಂಗಿಗಳೆಲ್ಲ ಅವಳ ಹಳೆಯ ಲಂಗದವು. ಮಕ್ಕಳು ನಕ್ಕರೆ ‘ಬಟ್ಟೆ ನೋಡಿ ನಗೋರಿಗೆ ಲೆಕ್ಕ ಬರಲ್ಲ, ಹೋಗಿ ಲೆಕ್ಕದಲ್ಲಿ ಸೋಲ್ಸು’ ಎನ್ನುತ್ತಿದ್ದಳು. ನನಗೂ ಲೆಕ್ಕ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಮನೆಯಿಂದ ಸೇತುವೆಯ ತನಕ ನಾವಿಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು, ಅವಳು ಮುಂದೆ, ನಾನು ಹಿಂದೆ. ತಾವು ಈ ರಸ್ತೆಯನ್ನು ಗಾಜಿನ ಒಳಗಿನಿಂದ ಮಾತ್ರ ನೋಡಿದ್ದೀರಿ, ಹಾಗಾಗಿ ಹೊರಗಿನ ಸಮಾಚಾರ ಹೇಳುತ್ತೇನೆ. ಬಸ್ಸಿನ ಹೊಗೆಕೊಳವೆ ಸರಿಯಾಗಿ ನಮ್ಮ ಮೂಗಿನ ಎತ್ತರಕ್ಕಿರುತ್ತದೆ. ಹಿಂದಿನ ಕಾರು ಹಾರ್ನ್ ಹೊಡೆದರೆ ಬೆನ್ನುಹುರಿಯಲ್ಲಿ ಕೇಳಿಸುತ್ತದೆ. ಐದು ಜನ ಕೂರುವ ಕಾರಿನಲ್ಲಿ ಒಬ್ಬರು ಕೂತಿರುತ್ತಾರೆ, ಆ ಒಬ್ಬರಿಗೇ ಎಲ್ಲಿಲ್ಲದ ಅವಸರ. ಸಿಗ್ನಲ್ಲಿನಲ್ಲಿ ಕಾರುಗಳ ನಡುವೆ ನುಸುಳಿ ಮುಂದೆ ಬಂದು ನಿಂತಾಗ ಅಕ್ಕ ಹಿಂದಿರುಗಿ ನೋಡಿ ಹೇಳುತ್ತಿದ್ದಳು: ‘ನಾಲ್ಕು ಸೀಟು ಗಾಳಿ ಹೇರ್ಕೊಂಡು ಎಲ್ಲಿಗೋ ಹೊರಟಿದ್ದಾರಲ್ಲೋ ಇವರೆಲ್ಲ! ಗಾಳಿ ಅಲ್ಲಿ ಸಿಗಲ್ವಂತಾ?’ ಒಮ್ಮೆ ಒಬ್ಬ ಮಹಾಶಯ ಗಾಜು ಇಳಿಸಿ ‘ರಸ್ತೆ ಏನು ನಿಮ್ಮಪ್ಪಂದಾ?’ ಎಂದು ಕೇಳಿದ. ‘ಅಪ್ಪಂದಲ್ಲ ಸಾರ್, ಆದ್ರೆ ಗೆರೆ ನನ್ನದು’ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅಕ್ಕ ಮಾತ್ರ ಸೇತುವೆ ಮುಟ್ಟುವ ತನಕ ನಕ್ಕಳು.

ಇಂಥ ನಗರಕ್ಕೆ ಕಳೆದ ವರ್ಷ ತಾವು ಎಂಟುನೂರು ಮೀಟರ್ ಸೈಕಲ್ ಪಥ ದಯಪಾಲಿಸಿದಿರಿ. ಸೇತುವೆಯಿಂದ ವೃತ್ತದ ತನಕ, ತಮ್ಮ ಕಚೇರಿಯ ಎದುರಿಗೇ ಹಾದುಹೋಗುತ್ತದೆ. ಬಳಿಯುವ ಕೆಲಸ ನಮ್ಮ ಮೇಸ್ತ್ರಿಗೆ ಬಂತು, ಮೇಸ್ತ್ರಿ ನನಗೆ ಕೊಟ್ಟರು. ಆದೇಶದಲ್ಲಿ ಒಂದು ಸಾಲು ಇರುತ್ತದೆ, ಎಲ್ಲ ಆದೇಶದಲ್ಲೂ ಇರುತ್ತದೆ: ‘ಕೆಲಸವು ನಕ್ಷೆಯಂತೆ ಇರತಕ್ಕದ್ದು.’ ನಮ್ಮ ಕಸುಬಿನಲ್ಲಿ ಈ ‘ನಕ್ಷೆಯಂತೆ’ ಎಂಬುದಕ್ಕೆ ಅಪೀಲಿಲ್ಲ. ನಕ್ಷೆಯಲ್ಲಿ ಗೆರೆ ಮರದ ಮೇಲೆ ಹಾದರೆ ಮರಕ್ಕೇ ಬಣ್ಣ ಹಚ್ಚಿ ಬರುವವರೂ ಇದ್ದಾರೆ. ಪಥದ ನಕ್ಷೆಯಲ್ಲಿ ಎರಡು ಗೆರೆ, ಉದ್ದಕ್ಕೂ ಮತ್ತೆ ಮತ್ತೆ ಬಳಿಯಬೇಕಾದ ಒಂದು ಸೈಕಲ್, ಒಂದು ಬಾಣ, ಕೆಳಗೆ ತಮ್ಮ ಸಹಿ ಇದ್ದವು. ರಜೆಯ ದಿನ ರಸ್ತೆ ಮುಚ್ಚಿಸಿ ಬಳಿದೆವು. ಒಂದೂ ವಾಹನ ಇರಲಿಲ್ಲ. ಇಡೀ ದಿನ ಬಗ್ಗಿಕೊಂಡೇ ಇರುವವನಿಗೆ ರಸ್ತೆಯ ತಲೆ ಯಾವುದು, ಬಾಲ ಯಾವುದು ತಿಳಿಯುವುದಿಲ್ಲ. ಮರುದಿನ ಅದೇ ಪಥದಲ್ಲಿ ಸೈಕಲ್ ತುಳಿದಾಗ ತಿಳಿಯಿತು. ವಾಹನಗಳೆಲ್ಲ ಸೇತುವೆಯಿಂದ ವೃತ್ತಕ್ಕೆ ಹೋಗುತ್ತಿದ್ದವು. ನಾನು ಬಳಿದ ಮೂವತ್ತೆಂಟು ಬಾಣಗಳು ವೃತ್ತದಿಂದ ಸೇತುವೆಗೆ ತೋರಿಸುತ್ತಿದ್ದವು. ಬಾಣದ ಮಾತು ಕೇಳುವ ಸೈಕಲ್ಲಿನವನು ನೇರವಾಗಿ ಬಸ್ಸಿನ ಮೂತಿಗೆ ಹೋಗಿ ಮುತ್ತಿಡಬೇಕಾಗಿತ್ತು.

ಓಡಿಹೋಗಿ ತಮ್ಮ ನಕ್ಷೆ ವಿಭಾಗದಲ್ಲಿ ಕೇಳಿದೆ. ಆದದ್ದು ಇಷ್ಟೇ. ಪಾರದರ್ಶಕ ಹಾಳೆಯ ಮೇಲೆ ಬರೆದ ನಕ್ಷೆಯನ್ನು ಯಾರೋ ಮಗುಚಿ ಹಾಕಿ ನಕಲು ತೆಗೆದಿದ್ದರು. ಎಡ ಬಲವಾಗಿತ್ತು, ಹೋಗುವುದು ಬರುವುದಾಗಿತ್ತು. ಊರಿನ ಹೆಸರು, ಮೊಹರು, ತಮ್ಮ ಸಹಿ ನಕಲಿನ ಮೇಲೆ ಆಮೇಲೆ ಬಿದ್ದಿದ್ದರಿಂದ ಅಕ್ಷರ ಉಲ್ಟಾ ಆಗಿ ಗುಟ್ಟು ಬಯಲಾಗುವ ಪ್ರಶ್ನೆಯೇ ಇರಲಿಲ್ಲ. ನಕ್ಷೆ ಗುಮಾಸ್ತರು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದರು, ನಾಲಿಗೆ ಕಚ್ಚಿಕೊಂಡರು, ಆಮೇಲೆ ಮೆಲ್ಲಗೆ ಹೇಳಿದರು: ‘ನೋಡಪ್ಪ, ರಿಬ್ಬನ್ ಕತ್ತರಿಸಿ ಆಯ್ತು, ಸಾಹೇಬ್ರ ಫೋಟೋನೂ ಬಂದಾಯ್ತು. ಈಗ ಬಾಣ ತಿರುಗಿಸಿದ್ರೆ ತಪ್ಪಾಗಿತ್ತು ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ. ಸೈಕಲ್‌ನವರು ಬಾಣ ಎಲ್ಲಿ ನೋಡ್ತಾರೆ, ಬಿಡು.’

ನಾನು ಬಿಟ್ಟೆ. ಇದನ್ನು ಬರೆಯುವಾಗ ನನ್ನ ಕೈಯೇ ನನಗೆ ಅಸಹ್ಯವಾಗುತ್ತಿದೆ. ಒಂದು ಡಬ್ಬಿ ಕಪ್ಪು ಬಣ್ಣ ತಂದು ಅರ್ಧ ದಿನದಲ್ಲಿ ಎಲ್ಲವನ್ನೂ ಅಳಿಸಬಹುದಿತ್ತು. ಮುಂದಿನ ಗುತ್ತಿಗೆ ಕೈತಪ್ಪೀತೆಂದು ಮೇಸ್ತ್ರಿ ಹೆದರಿದರು, ಕೆಲಸ ಹೋದೀತೆಂದು ನಾನು ಹೆದರಿದೆ. ಗುಮಾಸ್ತರು ಹೇಳಿದ್ದೂ ನಿಜವಾಗಿತ್ತು. ಯಾವ ಸೈಕಲ್ಲಿನವನೂ ಆ ಬಾಣವನ್ನು ನಂಬಲಿಲ್ಲ, ಎಲ್ಲರೂ ವಾಹನಗಳ ಜೊತೆಗೇ ಸರಿಯಾದ ದಿಕ್ಕಿನಲ್ಲಿ ಹೋದರು. ಅಕ್ಕನಿಗೆ ವಿಷಯ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನಕ್ಷೆಯಂತೆ! ಮಹಾ ನಕ್ಷೆಯಂತೆ! ಕಂಡಿದ್ದೀನಿ ಇವರ ಅಂತೆ ಕಂತೆ’ ಎಂದಳು. ಹತ್ತು ತಿಂಗಳು ಅವಳು ಆ ಬಾಣಗಳ ಮೇಲೆ ಚಕ್ರ ಹಾಯಿಸಿಕೊಂಡು ಆಸ್ಪತ್ರೆಗೆ ಹೋದಳು. ಆ ಬಾಣವನ್ನು ನಂಬಿದವರು ಊರಿನಲ್ಲಿ ತಾವೊಬ್ಬರೇ. ಅದೂ ತಮ್ಮ ಬಾಗಿಲಿಗೆ ಒಬ್ಬಳು ಬಡಿದು ಬಿದ್ದ ಮೇಲೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ತಮ್ಮ ವರದಿಯಲ್ಲಿ ಕಣ್ಣಾರೆ ಕಂಡೆ. ನಕ್ಷೆ ಮಗುಚಿದವರು ತಮ್ಮ ಕಚೇರಿಯವರು, ಸಹಿ ಹಾಕಿದವರು ತಾವು, ಪಥದಲ್ಲಿ ಕಾರು ನಿಲ್ಲಿಸಿದವರು ತಾವು, ಬಾಗಿಲು ತೆಗೆದವರು ತಾವು. ಹೊಣೆ ಮಾತ್ರ ಸೈಕಲ್ಲಿನವಳದು! ಬಿದ್ದವಳನ್ನು ಎತ್ತಿದವರು ಎದುರಿನ ಚಪ್ಪಲಿ ಅಂಗಡಿಯವರು. ತಾವು ಫೋನಿನಲ್ಲಿ ಆಡುತ್ತಿದ್ದ ಮಾತು ಮುಗಿಸಿ, ‘ನೋಡ್ಕೊಂಡು ಹೋಗ್ಬಾರ್ದೇನಮ್ಮ?’ ಎಂದು ಕೇಳಿ ಒಳಗೆ ಹೋದಿರಂತೆ. ಅಕ್ಕ ಇಂದಿಗೂ ನೋವಿನ ಮಾತು ಆಡುವುದಿಲ್ಲ, ಈ ಮಾತನ್ನು ಮಾತ್ರ ದಿನಕ್ಕೊಮ್ಮೆ ನೆನೆಸಿಕೊಂಡು ಹಲ್ಲು ಕಡಿಯುತ್ತಾಳೆ.

ಆ ಒಂದು ಸಾಲಿನಿಂದ ಏನಾಗಿದೆ ಎಂದು ತಮಗೆ ಗೊತ್ತೇ? ಆಸ್ಪತ್ರೆಯ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಮನೆಗೇ ಬಂದು ಹೇಳಿದರು: ‘ಕೆಲಸಕ್ಕೆ ಬರೋವಾಗ ಆದ ಪೆಟ್ಟು ಅಂದ್ರೆ ಕೈ ಸರಿಯಾಗೋ ತನಕ ನಿನ್ನ ಜಾಗ ನಿನಗೇ. ಆದ್ರೆ ತಪ್ಪು ನಿನ್ನದಲ್ಲ ಅಂತ ಕಾಗದ ಇರ್ಬೇಕು ಕಣೇ. ಈ ವರದಿ ಇಟ್ಕೊಂಡು ನಾನೇನು ಮಾಡ್ಲಿ? ತಿಂಗಳ ಕೊನೆಗೆ ಬೇರೆಯವರನ್ನ ಆ ಮಿಷನ್ ಮೇಲೆ ಕೂರಿಸ್ತಾರೆ.’ ಐವತ್ತೊಂದು ವರ್ಷದ, ಮಣಿಕಟ್ಟು ಮುರಿದ ಹೊಲಿಗೆಯವಳಿಗೆ ಆಮೇಲೆ ಇನ್ನೆಲ್ಲಿ ಕೆಲಸ ಕೊಡುತ್ತಾರೆ? ತಿಂಗಳ ಕೊನೆಗೆ ಇನ್ನು ಹನ್ನೊಂದು ದಿನ ಉಳಿದಿವೆ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ತಮ್ಮ ಕಾರು ರಸ್ತೆಯಲ್ಲಿ ನಿಂತದ್ದೇಕೆ? ಕಚೇರಿಯ ಆವರಣದಲ್ಲಿ ವಾಹನಗಳು ಅಡ್ಡಾದಿಡ್ಡಿ ನಿಂತು ಒಳಗೆ ನುಗ್ಗಲು ದಾರಿಯಿರಲಿಲ್ಲವೆಂದು. ಅದಕ್ಕೆ ತಾವು ಕಂಡುಕೊಂಡ ಪರಿಹಾರ, ಆವರಣದಲ್ಲಿ ಹೊಸದಾಗಿ ಗೆರೆ, ಬಾಣ ಬಳಿಸುವುದು. ಆದೇಶ ಬಂತು, ನಕ್ಷೆ ಬಂತು. ಅದೇ ವಿಭಾಗ, ಅದೇ ನಕಲು ಯಂತ್ರ, ಅದೇ ಸಹಿ. ನೋಡಿದ ಕೂಡಲೇ ತಿಳಿಯಿತು, ಇದೂ ಮಗುಚಿಕೊಂಡಿದೆ. ‘ಒಳಗೆ’ ಎಂಬ ಕಬ್ಬಿಣದ ಫಲಕವಿರುವ ಗೇಟಿನಲ್ಲಿ ಬಾಣ ಹೊರಗೆ ತೋರಿಸುತ್ತಿತ್ತು, ‘ಹೊರಗೆ’ ಎಂಬಲ್ಲಿ ಒಳಗೆ. ನನ್ನ ಧರ್ಮಕ್ಕೆ ನಾನು ಒಂದು ಸಲ ಕೇಳಿದೆ.

‘ಸಾರ್, ಈ ಬಾಣ ಸರಿಯಾಗಿದೆಯಾ ನೋಡಿ.’

ನಕ್ಷೆ ಗುಮಾಸ್ತರು ತಲೆ ಎತ್ತಲಿಲ್ಲ. ‘ನಕ್ಷೆಯಂತೆ ಮಾಡು. ತಲೆ ಓಡಿಸೋಕೆ ನಿನಗ್ಯಾರು ಹೇಳಿದ್ರು?’

‘ಯಾರೂ ಹೇಳಿಲ್ಲ ಸಾರ್’ ಎಂದು ಕೈಮುಗಿದು ಬಂದೆ. ಭಾನುವಾರ ಬೆಳಿಗ್ಗೆ ಬಳಿದೆ. ಹದಿನಾರು ವರ್ಷದಲ್ಲಿ ಇಷ್ಟು ಚೆಂದದ ಕೆಲಸ ನಾನು ಮಾಡಿಲ್ಲ. ಅಂಚು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಕ್ಷೆ ಒಂದು ಲೇಪ ಕೇಳಿತ್ತು, ನಾನು ಮೂರು ಕೊಟ್ಟೆ. ಬಾಣದ ಮೊನೆ ಬಳಿಯುವಾಗ ಮೇಸ್ತ್ರಿ ‘ಏನೋ ಶಿಳ್ಳೆ ಹೊಡೀತಿದ್ದೀಯಾ?’ ಎಂದರು. ಹೊಡೆಯುತ್ತಿದ್ದೆ.

ಸೋಮವಾರ ಬೆಳಿಗ್ಗೆ ತಾವು ಫಲಕ ನೋಡಿ ಒಳಗೆ ಬಂದಿರಿ, ತಮ್ಮ ಉಪಾಧಿಕಾರಿಗಳು ಬಾಣ ನೋಡಿ ಅದೇ ಗೇಟಿನಿಂದ ಹೊರಗೆ ಹೊರಟರು. ಯಾರಿಗೂ ಪೆಟ್ಟಾಗಲಿಲ್ಲ, ಎರಡು ಕಾರುಗಳ ಮೂತಿ ಮಾತ್ರ ಜಜ್ಜಿಹೋಯಿತು. ಕೇಳಿ ನನಗೆ ಸಂತೋಷವಾಯಿತು. ಆಗಲಿಲ್ಲ ಎಂದು ಸುಳ್ಳು ಹೇಳಲಾರೆ. ಮಂಗಳವಾರ ನನಗೆ ಕಾರಣ ಕೇಳುವ ನೋಟಿಸು ಬಂತು, ಜೊತೆಗೆ ಅಪಘಾತದ ವರದಿಯ ಪ್ರತಿ. ಅದರ ಕೊನೆಯ ಸಾಲನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದೆ: ‘ನೆಲದ ಮೇಲಿನ ಬಾಣದ ಗುರುತು ತಪ್ಪಾಗಿದ್ದ ಕಾರಣ ಅಪಘಾತ ಸಂಭವಿಸಿದ್ದು, ಇದರಲ್ಲಿ ಚಾಲಕರ ತಪ್ಪು ಏನೂ ಇರುವುದಿಲ್ಲ.’

ಅಕ್ಕ ಹತ್ತಿರ ಸರಿದು ಕೂತಳು. ‘ಇನ್ನೊಂದ್ಸಲ ಓದೋ’ ಎಂದಳು. ಮೂರು ಸಲ ಓದಿಸಿದಳು.

ಆಹಾ ಮಾನ್ಯರೇ! ಕಾರಿಗೆ ತಗುಲಿದರೆ ಬಾಣದ ತಪ್ಪು, ಸೈಕಲ್ಲಿಗೆ ತಗುಲಿದರೆ ಸವಾರಳ ತಪ್ಪೇ? ಒಂದೇ ಯಂತ್ರದಲ್ಲಿ ಮಗುಚಿದ ಎರಡು ನಕ್ಷೆ, ಒಂದೇ ಕೈ ಬಳಿದ ಎರಡು ಬಾಣ, ಒಂದೇ ಕಚೇರಿ ಬರೆದ ಎರಡು ವರದಿ. ಮೂಳೆ ಮುರಿದಲ್ಲಿ ಕಾಣದ ನ್ಯಾಯ ತಗಡು ಜಜ್ಜಿದಲ್ಲಿ ಹೇಗೆ ಕಂಡಿತು? ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ತಾವು ಉಂಡಿದ್ದೀರಿ, ಆದರೆ ಬಡಿಸಿದವನು ನಾನು, ಅದಕ್ಕಾಗಿ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ನೋಟಿಸಿಗೆ ನನ್ನ ಉತ್ತರ ಇದು. ಎರಡನೆಯ ನಕ್ಷೆ ತಪ್ಪೆಂದು ಗೊತ್ತಿದ್ದೂ ಬಳಿದೆ, ಬೇಕೆಂದೇ ಬಳಿದೆ. ಇದರಲ್ಲಿ ಮೇಸ್ತ್ರಿಯ ಪಾಲೇನೂ ಇಲ್ಲ, ಅವರಿಗೆ ನಾನು ಹೇಳಿರಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಿರಿ, ಕಪ್ಪುಪಟ್ಟಿಗೆ ಸೇರಿಸಿ, ಈ ನಗರದ ಯಾವ ರಸ್ತೆಯ ಮೇಲೂ ನಾನು ಕುಂಚ ಇಡದಂತೆ ಮಾಡಿ. ಮೊದಲನೆಯ ಬಾಣವನ್ನು ಕಂಡೂ ಸುಮ್ಮನಿದ್ದುದಕ್ಕೆ ನನಗೆ ಅದು ಸಲ್ಲಬೇಕಾದದ್ದೇ. ಅಕ್ಕನಿಗೆ ಮಾತ್ರ ಅವಳ ಯಂತ್ರ ಬಿಡಿ. ಅದಕ್ಕೆ ತಾವು ಮಾಡಬೇಕಾದದ್ದು ಹೆಚ್ಚೇನಿಲ್ಲ, ತಮ್ಮ ಕಾರಿನ ವರದಿಯಲ್ಲಿ ಬರೆದ ಅದೇ ಸಾಲನ್ನು ಅವಳ ವರದಿಯಲ್ಲೂ ಬರೆಸಬೇಕು. ‘ಚಾಲಕರ’ ಎಂಬಲ್ಲಿ ‘ಸವಾರಳ’ ಎಂದಾದರೆ ಸಾಕು. ಕೆಳಗೆ ತಮ್ಮ ಸಹಿ ಇರಬೇಕು, ಬರುವ ಶನಿವಾರದೊಳಗೆ ಅದು ಆಸ್ಪತ್ರೆಯ ಮೇಲ್ವಿಚಾರಕಿಯ ಮೇಜಿನ ಮೇಲಿರಬೇಕು. ಇಲ್ಲವಾದರೆ ಎರಡು ನಕ್ಷೆ, ಎರಡು ವರದಿ ಹಿಡಿದು ನಾನೂ ಅಕ್ಕನೂ ನ್ಯಾಯಾಲಯದ ಮೆಟ್ಟಿಲ ಮೇಲಿರುತ್ತೇವೆ. ತಾವು ಬರುವಾಗ ಕಾರನ್ನು ಸೈಕಲ್ ಪಥದಲ್ಲಿ ನಿಲ್ಲಿಸದಿದ್ದರೆ ಸಾಕು.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಅಕ್ಕನಿಗೆ ತೋರಿಸಿದೆ. ‘ನಿನ್ನ ಕೆಲಸ ಹೋಗುತ್ತಲ್ಲೋ ಮಂಕೆ’ ಎಂದು ಕಣ್ಣೊರೆಸಿಕೊಂಡಳು, ಬೈದಳು, ಪತ್ರವನ್ನು ನನ್ನ ಕೈಗೇ ತುರುಕಿದಳು. ಸಂಜೆ ತಾನೇ ಕರೆದು ಪತ್ರವನ್ನು ಮತ್ತೆ ಕೇಳಿ ಪಡೆದು ಪೂರ್ತಿ ಓದಿದಳು. ಬೇಡಿಕೆಯ ಸಾಲಿನಲ್ಲಿ ನಾನು ಅಭ್ಯಾಸಬಲದಿಂದ ‘ದಯವಿಟ್ಟು’ ಎಂದು ಬರೆದಿದ್ದೆ. ಅವಳು ಎಡಗೈಯಲ್ಲೇ ಪೆನ್ನು ಹಿಡಿದು ಆ ಪದವನ್ನು ಹೊಡೆದು ಹಾಕಿದಳು.

ಇಂತಿ,
ತನ್ನ ಅಕ್ಕನ ದಾರಿಗೆ ತಾನೇ ಬಾಣ ಬಳಿದ,
ತಮ್ಮ ಆಜ್ಞಾಧಾರಕ ಗೆರೆಯವನು