ಹೊಗೆಯಿಲ್ಲದ ಚಿಮಣಿ

ಕಾಕಿನಾಡ, ೧೨-೨-೨೦೦೫

ಚಿ. ರುದ್ರೇಶನಿಗೆ ಅಮ್ಮನ ಆಶೀರ್ವಾದ.

ನಿನ್ನ ಮಗಳಿಗೆ ನೋಡಿದ ಹುಡುಗ ಕೆಲಸ ಮಾಡುವ ಕರೆಂಟ್ ಕಾರ್ಖಾನೆಗೆ ಹೋಗಿದ್ದೆ. ಅಷ್ಟೆತ್ತರದ ಚಿಮಣಿಯಲ್ಲಿ ಒಂದೆಳೆ ಹೊಗೆಯಿಲ್ಲ! ನಮ್ಮೂರಲ್ಲಿ ಅಡಿಕೆ ಬೇಯಿಸುವ ಒಲೆಯಲ್ಲಿ ಹೊಗೆ ಕಾಣದಿದ್ದರೆ ಕೆಲಸ ನಿಂತಿದೆ ಎಂದೇ ಲೆಕ್ಕ. "ಕಾರ್ಖಾನೆ ಬಾಗಿಲು ಹಾಕಿದ್ದು ಹೇಳದೆ ಹೆಣ್ಣು ಕೇಳಿದ್ರಾ?" ಎಂದು ಹುಡುಗನ ಅಪ್ಪನನ್ನು ಗೇಟಿನಲ್ಲೇ ಗದರಿದೆ.

ಹುಡುಗ ನಕ್ಕ. "ಅಜ್ಜಿ, ಇದು ಗ್ಯಾಸಿನದು, ಕಲ್ಲಿದ್ದಲಿನ ಹಾಗೆ ಹೊಗೆ ಕಾಣಲ್ಲ. ಗ್ಯಾಸ್ ಕಡಿಮೆ ಬಂದಾಗ ಮಾತ್ರ ಅರ್ಧ ನಿಲ್ಲಿಸ್ತೀವಿ. ಆಗ ಕಂಪನಿಗೆ ನಷ್ಟ."

"ಆಗ ಸಂಬಳ?"

"ಅದು ನಿಲ್ಲಲ್ಲ ಅಜ್ಜಿ."

ನಷ್ಟವನ್ನೂ ಮುಚ್ಚಿಡದೆ ಹೇಳಿದ. ಹುಡುಗ ನನಗೆ ಒಪ್ಪಿಗೆ. ಇಲ್ಲಿಯ ಖಾರಕ್ಕೆ ಹೊಟ್ಟೆ ಉರಿಯುತ್ತಿದೆ. ಅವನಪ್ಪ ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಫೋನ್ ಮಾಡಿ ಸಮಾಧಾನ ಮಾಡು. ನನ್ನ ಪರವಾಗಿ ಕ್ಷಮೆ ಮಾತ್ರ ಕೇಳಬೇಡ.

ನಿನ್ನ ಅಮ್ಮ