ಸದ್ದಿಲ್ಲದ ಪಿಟೀಲುಗಳು

ಲೈಬ್ರರಿ ಮೇಡಂ ಅವರಿಗೆ ನಮಸ್ಕಾರ.

ಕಥೆಪುಸ್ತಕ ಕೇಳಲು ಬಂದವಳಿಗೆ ನೀವು “ಇದನ್ನೊಂದ್ಸಲ ನೋಡಿ” ಅಂತ ಸಂಗೀತದ ಸಿನಿಮಾ ಕೊಟ್ಟಿರಲ್ಲ, ಆ ಡಿಸ್ಕ್ ಇನ್ನೊಂದು ವಾರ ನನ್ನ ಬಳಿಯೇ ಇರಲಿ ಎಂದು ಕೇಳಲು ಬರೆಯುತ್ತಿದ್ದೇನೆ.

ನಮ್ಮದು ಒಂದೇ ಕೋಣೆ. ಯಜಮಾನರು ರಾತ್ರಿಪಾಳಿ ಮುಗಿಸಿ ಹಗಲು ಮಲಗುತ್ತಾರೆ. ಹಾಗಾಗಿ ಟಿವಿ ವಾಲ್ಯೂಮ್ ಪೂರ್ತಿ ಇಳಿಸಿ, ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಮೂರು ಸಲ ನೋಡಿದೆ. ಅಷ್ಟೊಂದು ಪಿಟೀಲಿನವರ ಎದುರು ನಿಂತು ಕೈ ಬೀಸುವಾತ, ನಾನು ಮೊದಲಿದ್ದ ಕಾರ್ಖಾನೆಯ ಸೂಪರ್‌ವೈಸರ್ ಥರ ಎಲ್ಲರನ್ನೂ ಗದರಿಸುತ್ತಿದ್ದಾನೆ ಎಂದೇ ತಿಳಿದಿದ್ದೆ.

ಮೊನ್ನೆ ಯಜಮಾನರಿಗೆ ರಜೆ. “ಏನೇ ಇದು, ದಿನಾ ಮೂಕಿ ಚಿತ್ರ ನೋಡ್ತೀಯಾ?” ಎಂದು ವಾಲ್ಯೂಮ್ ಏರಿಸಿದರು. ಸೂಜಿ ಕೈಯಲ್ಲೇ ನಿಂತುಬಿಟ್ಟಿತು. ಆತ ಗದರಿಸುತ್ತಿರಲಿಲ್ಲ ಮೇಡಂ, ಬೇಡಿಕೊಳ್ಳುತ್ತಿದ್ದ. ಬೇಡಿದ್ದನ್ನೆಲ್ಲ ಆ ಪಿಟೀಲಿನವರು ಕೊಡುತ್ತಿದ್ದರು. ನಮ್ಮವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೊನೆಯವರೆಗೂ ಕೂತಿದ್ದರು.

ಇವತ್ತು ಅವರು ಮತ್ತೆ ಪಾಳಿ ಮುಗಿಸಿ ಬಂದು ಮಲಗಿದ್ದಾರೆ. ಟಿವಿ ಹಾಕಿದ್ದೇನೆ, ಸದ್ದಿಲ್ಲ. ಆದರೂ ಆತ ಕೈ ಎತ್ತಿದ ಕೂಡಲೇ ನನಗೆ ಎಲ್ಲವೂ ಕೇಳಿಸುತ್ತಿದೆ.

ಇಂತಿ,
ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುವ ಟೈಲರಮ್ಮ