ಅರವತ್ತಮೂರು ಬಿಲ್ಲೆ

ಹಾಸನ
19 ಜೂನ್ 2025

ಇಂದ್ರಕ್ಕ,

ಕಾಫಿ ಎಸ್ಟೇಟಿನ ಕೂಲಿ ಲೈನಿನ ಹುಲಿಯಮ್ಮನ ಮಗಳು ಶೀಲಾ ಹಾಸ್ಟೆಲಿನಿಂದ ಮಾಡುವ ನಮಸ್ಕಾರ.

ನೀವು ಫೋನಿಗೆ ಕಳಿಸಿದ ಮಾತನ್ನು ನಾಲ್ಕು ಸಲ ಕೇಳಿದೆ. "ಬುಧವಾರ ವಿಚಾರಣೆ ಐತೆ ಕಣವ್ವ. ಅರವತ್ಮೂರು ಪುಸ್ತಕ ನಾನೇ ಮಾರ್ಕೊಂಡೆ ಅಂತ ಬರ್ದವ್ರೆ. ಬಿಲ್ಲೆ ವಿಷ್ಯ ನಿಂಗೊತ್ತಲ್ಲ, ಒಂದ್ ಮಾತು ಹೇಳ್ಬುಡು, ನನ್ ಕೆಲ್ಸ ಉಳೀತದೆ." ನೀವು ಬಯ್ದಿದ್ದರೆ ಉತ್ತರ ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಈ ಎರಡು ವರ್ಷ ನಾನು ಕಲಿತದ್ದನ್ನು ನಿಮಗೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಪುಸ್ತಕಕ್ಕೆ ಬಾರ್‌ಕೋಡ್ ಅಂಟಿಸಿ ಸ್ಕ್ಯಾನರ್ ಹಿಡಿದರೆ ಅದರ ಜಾತಕವೆಲ್ಲ ಪರದೆಯ ಮೇಲೆ ಬರುತ್ತದೆ. ನಮ್ಮ ಕ್ಯಾಟಲಾಗನ್ನು ಇಂಟರ್ನೆಟ್ಟಿಗೆ ಹಾಕಿದರೆ ಯಾವ ದೇಶದಲ್ಲಿ ಕೂತವರೂ ನೋಡಬಹುದು. ಪ್ರಬಂಧದಲ್ಲಿ ಕದ್ದ ಸಾಲುಗಳೆಷ್ಟು ಎಂದು ಹೇಳುವ ಸಾಫ್ಟ್‌ವೇರ್ ಕೂಡ ಇದೆ. ನನ್ನದರಲ್ಲಿ ಶೇಕಡಾ ನಾಲ್ಕು ಮಾತ್ರ ಬಂತು. ತರಗತಿಯಲ್ಲಿ ಅದೇ ಕಡಿಮೆ. ಇವನ್ನೆಲ್ಲ ಕಲಿಯುವಾಗ ನನಗೆ ನಿಜವಾಗಿ ಸಂತೋಷವಾಗಿತ್ತು. ಹತ್ತನೇ ತರಗತಿಯವರೆಗೆ ಕಂಪ್ಯೂಟರನ್ನು ಎಸ್ಟೇಟ್ ಆಫೀಸಿನ ಕಿಟಕಿಯಿಂದ ನೋಡಿದ್ದವಳು ನಾನು.

ನೀವು ನೋಡಿಕೊಳ್ಳುವ ನಮ್ಮೂರ ಲೈಬ್ರರಿಯನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡಾಗ ನಿಮಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಏಪ್ರಿಲ್‌ನಲ್ಲಿ ನಮ್ಮ ಮಾರ್ಗದರ್ಶಕ ಸುನಿಲ್‌ಕುಮಾರ್ ಸರ್, ನನ್ನ ಸಹಪಾಠಿ ರಶ್ಮಿತಾ, ನಾನು, ಮೂವರೂ ಪುಸ್ತಕ ತಾಳೆ ನೋಡಲು ಬಂದೆವು. ನೀವು ಅಂದು ಆಲೂರಿನಲ್ಲಿ ಮೀಟಿಂಗಿಗೆ ಹೋಗಿದ್ದಿರಿ. ಬೀಗದ ಕೈಯನ್ನು ನನ್ನ ಹೆಸರು ಹೇಳಿ ಅಂಗಡಿಯಲ್ಲಿ ಕೊಟ್ಟಿದ್ದಿರಿ.

ಅನುವಾದದ ಕಾದಂಬರಿಗಳ ಕಪಾಟಿನಲ್ಲಿ, ಪುಸ್ತಕ ಇಲ್ಲದ ಪ್ರತಿ ಸಂದಿಯಲ್ಲೂ ಒಂದೊಂದು ತಗಡಿನ ಬಿಲ್ಲೆ ಇತ್ತು. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಚೀಲ ಯಾರದು ಎಂದು ಗುರುತಿಸಲು ಹೆಣ್ಣಾಳುಗಳಿಗೆ ಎಸ್ಟೇಟಿನವರು ಕೊಡುವ ನಂಬರಿನ ಬಿಲ್ಲೆ. ಕೊಯ್ಲು ಮುಗಿದರೆ ಅದಕ್ಕೆ ಬೇರೆ ಕೆಲಸವಿಲ್ಲ. ಲೈನಿನವರಿಗೆ ಸ್ವಂತ ವಿಳಾಸವಿಲ್ಲ, ಸದಸ್ಯರಾಗಬೇಕಾದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಹಿ ಹಾಕಬೇಕು, ಆತ ಹಾಕುವುದಿಲ್ಲ. ಅದಕ್ಕೇ ನೀವು ಬಿಲ್ಲೆ ಇಟ್ಟುಕೊಂಡು ಪುಸ್ತಕ ಕೊಡುತ್ತಿದ್ದಿರಿ. ಬರೆದಿಡಿ ಅಂತ ಯಾರಾದರೂ ಅಂದರೆ ನಗುತ್ತಿದ್ದಿರಿ: "ಬಿಲ್ಲೆ ಇಲ್ಲೈತೆ, ಪುಸ್ತಕ ಎಲ್ಲಿಗ್ ಹೋಗ್ಬುಡ್ತದೆ ಮಾರಾಯ್ತಿ? ಮುಂದಿನ್ ಕೊಯ್ಲಿಗೆ ಬರ್ಲೇಬೇಕಲ್ಲ!"

ರಶ್ಮಿತಾ ಒಂದು ಬಿಲ್ಲೆ ಎತ್ತಿ ನೋಡಿ, "ಏನೇ ಇದು, ನಾಯಿ ಕೊರಳಿಗೆ ಕಟ್ಟೋದಲ್ವಾ?" ಎಂದಳು. ಸರ್ ನಕ್ಕರು. ನಾನೂ ನಕ್ಕೆ. ನಿನಗೇನಾದರೂ ಗೊತ್ತಾ ಎಂದು ಸರ್ ಕೇಳಿದಾಗ ಗೊತ್ತಿಲ್ಲ ಎಂದೆ. ನಮ್ಮ ಮನೆ ಸಕಲೇಶಪುರದ ಪೇಟೆಯಲ್ಲಿದೆ ಎಂದು ಮೊದಲ ವರ್ಷದಿಂದಲೂ ಹೇಳಿಕೊಂಡು ಬಂದಿದ್ದೆ, ನೀವು ಪರಿಚಯದವರಷ್ಟೇ ಎಂದಿದ್ದೆ, ಅಕ್ಕ. ಬಿಲ್ಲೆಯ ಅರ್ಥ ಹೇಳಿದರೆ ಅದು ನನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಕಪಾಟಿನ ಫೋಟೋ ಚೊಕ್ಕಟವಾಗಿ ಬರಲಿ ಎಂದು ಸರ್ ಹೇಳಿದ್ದಕ್ಕೆ ಅಷ್ಟನ್ನೂ ಬಳಿದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿದೆ, ಮರಳಿ ಇಡದೆ ಡಬ್ಬವನ್ನು ಹಾಸ್ಟೆಲಿಗೆ ತಂದೆ. ಅರವತ್ತಮೂರು.

ಸಾಫ್ಟ್‌ವೇರ್ ತನ್ನ ಕೆಲಸ ಮಾಡಿತು. ರಿಜಿಸ್ಟರಿನಲ್ಲಿ ಇದ್ದು ಕಪಾಟಿನಲ್ಲಿ ಇಲ್ಲದ ಪುಸ್ತಕಗಳು ಅರವತ್ತಮೂರು. ಅನುವಾದ ವಿಭಾಗದಲ್ಲಿ ಹತ್ತು ವರ್ಷದಲ್ಲಿ ಓದಿಗೆ ಹೋದ ಪುಸ್ತಕ ಸೊನ್ನೆ. ಸೊನ್ನೆಯ ಚಾರ್ಟು ಕೆಂಪು ಬಣ್ಣದಲ್ಲಿ ಚೆನ್ನಾಗಿ ಕಾಣುತ್ತದೆ. ಸೆಮಿನಾರಿನಲ್ಲಿ ಅದನ್ನು ತೋರಿಸಿದಾಗ ಚಪ್ಪಾಳೆ ತಟ್ಟಿದರು. ವರದಿ ಮೇಲಿನವರಿಗೆ ಹೋದದ್ದು, ನಿಮಗೆ ನೋಟಿಸು ಬಂದದ್ದು, ಬಾಗಿಲಿಗೆ 'ಕಳವು' ಎಂಬ ಪದವಿರುವ ಕಾಗದ ಅಂಟಿಸಿದ್ದು ನನಗೆ ಆಮೇಲೆ ಅವ್ವನಿಂದ ತಿಳಿಯಿತು. ಲೈನಿನವರು ಪುಸ್ತಕಗಳನ್ನು ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದಾರಂತೆ. "ತಂದ್ಕೊಟ್ರೆ ನಮ್ಮನ್ನೇ ಕಳ್ಳಿ ಅಂದ್ಬುಟ್ರೆ?" ಎನ್ನುತ್ತಾಳಂತೆ ಪಕ್ಕದ ಮನೆ ತಾಯಮ್ಮ.

ಮೊನ್ನೆ ಸುನಿಲ್‌ಕುಮಾರ್ ಸರ್ ಹತ್ತಿರ ಎಲ್ಲ ಹೇಳಿದೆ. ಎಲ್ಲ ಎಂದರೆ, ಬಿಲ್ಲೆಯ ಅರ್ಥ ಈಗ ತಿಳಿಯಿತು ಎಂದು. ಅವರು ಸಿಟ್ಟಾಗಲಿಲ್ಲ. ದಾಖಲೆ ಇಲ್ಲದ್ದು ನಡೆದೇ ಇಲ್ಲ ಅಂತ ಲೆಕ್ಕ, ಈಗ ತಿದ್ದಿದರೆ ನಿನ್ನ ಪ್ರಾಜೆಕ್ಟೇ ಬಿದ್ದುಹೋಗುತ್ತದೆ, ಪದವಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಯೋಚನೆ ಮಾಡಮ್ಮ ಎಂದರು. ಯೋಚನೆ ಮಾಡಲು ಎರಡು ದಿನ ಹಿಡಿಯಿತು. ಹಿಡಿಯಬಾರದಿತ್ತು.

ಡಬ್ಬವನ್ನು ಪಾರ್ಸೆಲ್ ಮಾಡಿ ಕಳಿಸಿದ್ದೇನೆ. ಈ ಪತ್ರವನ್ನು ಬುಧವಾರ ವಿಚಾರಣೆಯವರಿಗೆ ಕೊಡಿ. ಬಿಲ್ಲೆಗಳನ್ನು ತೆಗೆದವಳು ನಾನು, ಪುಸ್ತಕಗಳು ಕಳೆದಿಲ್ಲ, ಓದಿಗೆ ಹೋಗಿವೆ, ವರದಿ ತಪ್ಪು. ಯಾವ ಬಿಲ್ಲೆ ಯಾವ ಪುಸ್ತಕದ ಜಾಗದಲ್ಲಿತ್ತು ಎಂಬುದು ಮಾತ್ರ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಯಾವ ಸಾಫ್ಟ್‌ವೇರೂ ಇಲ್ಲ.

ನಿಮ್ಮಿಂದ ಓದಲು ಕಲಿತ,
ಶೀಲಾ ಹೆಚ್.
ಗ್ರಂಥಾಲಯ ವಿಜ್ಞಾನ, ಅಂತಿಮ ವರ್ಷ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಕಳೆದ ಪುಸ್ತಕಗಳ ಪಟ್ಟಿಯ ಮೊದಲ ಸಾಲು ನೋಡಿ: ನೋಂದಣಿ ಸಂಖ್ಯೆ 2318, ಹಿಮದ ಊರಿನ ಸ್ಟೇಷನ್ ಮಾಸ್ತರನ ಹೆಂಡತಿಯ ಕಥೆ. ಓದಲು ಬಾರದ ಅವ್ವ ಈ ವರ್ಷದ ಕೊಯ್ಲು ಮುಗಿದ ಮೇಲೆ ನಲವತ್ತೊಂದನೇ ಬಿಲ್ಲೆ ಇಟ್ಟು ನನಗಾಗಿ ತಂದದ್ದು. ನಾನು ಓದಿ ಹೇಳುತ್ತಿದ್ದರೆ, "ಅವ್ಳು ಗಂಡನ್ ಬುಟ್ ಹೋದ್ಲಾ ಇಲ್ವಾ, ಅದೊಂದ್ ಮೊದ್ಲು ಹೇಳೆ" ಎನ್ನುತ್ತಿದ್ದಳು. ರಜೆ ಮುಗಿಸಿ ಹಾಸ್ಟೆಲಿಗೆ ಬರುವಾಗ ಜೊತೆಗೇ ತಂದಿದ್ದೆ. ನಾನು ಸ್ಕ್ಯಾನರ್ ಹಿಡಿದು 'ಕಾಣೆ' ಎಂದು ಒತ್ತಿದ ದಿನವೂ ಅದು ನನ್ನ ಹೆಗಲ ಚೀಲದಲ್ಲೇ ಇತ್ತು. ಪಾರ್ಸೆಲಿನಲ್ಲಿ ಅದೂ ಇದೆ. ಈ ಹಾಳೆಯನ್ನು ಅವರಿಗೆ ತೋರಿಸುವುದೋ ಹರಿದು ಹಾಕುವುದೋ ನೀವೇ ನೋಡಿ, ಅಕ್ಕ. ಅದನ್ನೂ ನಿಮ್ಮ ತಲೆಗೇ ಕಟ್ಟಿದೆ.